ಓದಿ ಹೇಳುವ ಕೆಲಸ

ಹರಿಹರದ ವಕೀಲರ ಕಚೇರಿಯಲ್ಲಿ ನನ್ನ ಪಾಲಿಗೆ ಬಂದ ಮೊದಲ ಕೆಲಸ ಒಂದು ಪತ್ರವನ್ನು ಓದಿ ಹೇಳುವುದು. ಇದೇನು ಮಹಾ, ಕನ್ನಡ ಶಾಲೆಯಲ್ಲಿ ಓದಿದವರಿಗೆ ಕನ್ನಡ ಓದುವುದು ಬಾರದೇ ಎಂದು ನಾನೂ ಅಂದುಕೊಂಡಿದ್ದೆ.

ಆಗ ನಾನು ಆನ್‌ಲೈನ್‌ನಲ್ಲಿ ಪ್ಯಾರಾಲೀಗಲ್ ಕೋರ್ಸ್ ಮಾಡುತ್ತಿದ್ದೆ. ವಕೀಲರ ಕೈಕೆಳಗೆ ದಾಖಲೆ ತರಿಸುವುದು, ಕಡತ ಜೋಡಿಸುವುದು, ಬಂದವರ ಮಾತನ್ನು ಹಿಂದುಮುಂದಾಗದಂತೆ ಬರೆದುಕೊಳ್ಳುವುದು, ಇಂಥ ಕೆಲಸಕ್ಕೆ ತಯಾರು ಮಾಡುವ ಓದು ಅದು. ಹಗಲು ದಾವಣಗೆರೆಯ ಅಂಚಿನ ಕರೂರಿನ ಒಂದು ಪೈಪ್ ಕಾರ್ಖಾನೆಯಲ್ಲಿ ಲೋಡಿನ ಬಿಲ್ಲು ಬರೆಯುತ್ತಿದ್ದೆ. ಸಂಜೆ ಊರೊಳಗಿನ ವಿನೋಬನಗರದ ಮನೆಯಲ್ಲಿ ಸಕ್ಕರೆ ಡಬ್ಬಿಗೆ ಮೊಬೈಲ್ ಒರಗಿಸಿ ಪಾಠ ಕೇಳುತ್ತಿದ್ದೆ. ಒಮ್ಮೆ ಮೈಕ್ ಬಂದ್ ಮಾಡಲು ಮರೆತು, ಸಾಕ್ಷ್ಯ ಕಾಯ್ದೆಯ ಪಾಠದ ನಡುವೆ ನಮ್ಮ ಮನೆಯ ಒಗ್ಗರಣೆ ಇಡೀ ರಾಜ್ಯಕ್ಕೆ ಕೇಳಿಸಿತ್ತು. ಬೋಧಕಿ ಬೇಸರ ಮಾಡಿಕೊಳ್ಳಲಿಲ್ಲ. ‘ಯಾರದೋ ಮನೆಯಲ್ಲಿ ಊಟ ತಯಾರಾಗಿದೆ, ಬೇಗ ಮುಗಿಸೋಣ’ ಎಂದರು.

ಪಾಠ ಮುಗಿಯುವ ಹಂತದಲ್ಲಿ ಪ್ರಾಯೋಗಿಕ ಕೆಲಸವಿತ್ತು. ಒಬ್ಬ ವಕೀಲರ ಬಳಿ ಒಂದು ಕಡತವನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ ವರದಿ ಬರೆಯಬೇಕು. ಅವರು ಸಹಿ ಹಾಕಿದರೆ ಮಾತ್ರ ಪ್ರಮಾಣಪತ್ರ. ದಾವಣಗೆರೆಯಲ್ಲಿ ಕೇಳಿದ ಕಡೆಯೆಲ್ಲ ‘ಕಾನೂನು ಕಾಲೇಜಿನ ಹುಡುಗರೇ ಸಾಲುಗಟ್ಟಿ ನಿಂತಿದ್ದಾರೆ’ ಎಂದರು. ಕೊನೆಗೆ ಹರಿಹರದ ಒಬ್ಬ ಹಿರಿಯ ವಕೀಲರು ಒಪ್ಪಿಕೊಂಡರು. ಕಾರ್ಖಾನೆಯಲ್ಲಿ ರಜೆ ಕೇಳಿಕೊಂಡು ಶುಕ್ರವಾರ ಮತ್ತು ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ.

ಆ ವಕೀಲರದು ಒಂದು ಪದ್ಧತಿ. ಹೆಣ್ಣುಮಕ್ಕಳು ಬರೆದುಕೊಡುವ ಪತ್ರವನ್ನು ನೋಂದಣಿಯ ದಿನ ಗಡಿಬಿಡಿಯಲ್ಲಿ ಓದಿಸುವಂತಿಲ್ಲ. ಮೊದಲೇ ಒಂದು ದಿನ ಕಚೇರಿಗೆ ಕರೆಸಿ, ಕೂಡಿಸಿ, ಪೂರ್ತಿ ಓದಿ ಹೇಳಬೇಕು. ಓದಿ ಹೇಳಲಿಲ್ಲ, ಸುಮ್ಮನೆ ಸಹಿ ಹಾಕಿಸಿಕೊಂಡರು ಎಂದು ಆಮೇಲೆ ದಾವೆ ಬೀಳುತ್ತವಂತೆ.

“ಓದ್ತೀಯಲ್ಲಮ್ಮಾ?” ಎಂದು ಕೇಳಿದರು. “ನನ್ನ ಗುಮಾಸ್ತ ಓದಿದ್ರೆ ರೈಲು ಹೋದಂಗೆ ಹೋಗ್ತೈತೆ. ಕೂತವ್ರಿಗೆ ಸದ್ದು ಕೇಳ್ತೈತೆ, ಬೋಗಿ ಎಷ್ಟಿದ್ವು ಗೊತ್ತಾಗಲ್ಲ. ಮತ್ತೆ ಒಂದು ಮಾತು ನೆನಪಿರ್ಲಿ. ಪತ್ರದಾಗೆ ಏನೈತೆ ಅಂತ ಹೇಳು. ಏನ್ ಮಾಡ್ಬೇಕು ಅಂತ ಮಾತ್ರ ಹೇಳಬ್ಯಾಡ.”

ಕಡತ ಕಡರನಾಯಕನಹಳ್ಳಿಯದು. ಒಬ್ಬ ಅಕ್ಕ, ಒಬ್ಬ ತಮ್ಮ. ತಂದೆತಾಯಿ ತೀರಿಕೊಂಡಿದ್ದಾರೆ. ಊರಲ್ಲಿ ಗದ್ದೆ ಮತ್ತು ಒಂದು ಹಳೆಯ ಮನೆ. ತಮ್ಮ ಆ ಮನೆ ಕೆಡವಿ ಹೊಸದು ಕಟ್ಟಿಸಲು ಹೊರಟಿದ್ದ. ಅಕ್ಕನ ಸಹಿ ಇಲ್ಲದೆ ಸಾಲ ಆಗದು ಎಂದು ಬ್ಯಾಂಕಿನವರು ಹೇಳಿದ್ದರಿಂದ, ಅಕ್ಕ ತನ್ನ ಪಾಲನ್ನೆಲ್ಲ ತಮ್ಮನಿಗೆ ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರ ತಯಾರಾಗಿತ್ತು. ನಮ್ಮ ಕಡೆ ಇದು ಹೊಸದಲ್ಲ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಬಂದ ಮೇಲೆ ಅಣ್ಣತಮ್ಮಂದಿರು ಸಹಿ ಕೇಳುತ್ತಾರೆ, ಅಕ್ಕತಂಗಿಯರು ತವರು ಉಳಿಯಲಿ ಎಂದು ಹೊಸ ಸೀರೆ ಉಟ್ಟು ಬಂದು ಹಾಕಿ ಹೋಗುತ್ತಾರೆ. ಈ ಅಕ್ಕನಿಗೆ ಗಂಡ ಇಲ್ಲ, ಮಕ್ಕಳಿಲ್ಲ. ಹರಿಹರದ ಒಂದು ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ಕೆಲಸ, ಅಲ್ಲೇ ಉಗ್ರಾಣದ ಪಕ್ಕದ ಕೋಣೆಯಲ್ಲಿ ವಾಸ. ಕೆಲಸ ಇರುವವರೆಗೆ ಕೋಣೆ. ಕೈ ಸೋತ ದಿನ ಅದೂ ಇಲ್ಲ.

ಪತ್ರದಲ್ಲಿ ಮನೆಯ ಚಕ್ಕುಬಂದಿ ಬರೆಯಬೇಕಿತ್ತು, ಅಂದರೆ ನಾಲ್ಕು ದಿಕ್ಕಿಗೆ ಏನೇನಿದೆ ಎಂಬ ವಿವರ. ಹಳೆಯ ಕಾಗದದಲ್ಲಿದ್ದ ಉತ್ತರದ ಬಣವೆ ಜಾಗದಲ್ಲಿ ಈಗ ಯಾರದೋ ಮನೆ ಎದ್ದಿದೆ ಎಂದು ತಮ್ಮನೇ ಹೇಳಿದ್ದ. ಸ್ಥಳ ನೋಡಿ ಬರಲು ವಕೀಲರು ನನ್ನನ್ನು ಕಳಿಸಿದರು. ಅಂದು ಶುಕ್ರವಾರ. ತಮ್ಮ ಟೇಪಿನ ಒಂದು ತುದಿ ಹಿಡಿದ, ನಾನು ಇನ್ನೊಂದು ತುದಿ ಹಿಡಿದೆ. ಒಳ್ಳೆಯ ಮನುಷ್ಯ. ಪ್ರತಿ ಗೋಡೆಯ ಹತ್ತಿರವೂ ಹೊಸ ಮನೆಯಲ್ಲಿ ಇಲ್ಲಿ ಏನು ಬರುತ್ತದೆ ಎಂದು ಹೇಳುತ್ತ ಬಂದ. ಬೀದಿಗೆ ಹತ್ತಿಕೊಂಡ ಒಂದು ಸಣ್ಣ ಕೋಣೆಯಲ್ಲಿ ಭತ್ತದ ಚೀಲ ಪೇರಿಸಿದ್ದರು. ಅಲ್ಲಿ ಬೈಕು ನಿಲ್ಲಿಸಲು ಜಾಗ ಮಾಡುವುದು ಅವನ ಯೋಚನೆ.

ಹೊರಡುವಾಗ ಅವನ ಹೆಂಡತಿ ಮೊರ ಹಿಡಿದು ಬಂದಳು.

“ಮುತ್ತೈದೆ ಶುಕ್ರವಾರ ಬಂದು ಹಂಗೇ ಹೋಗಬಾರ್ದು. ಕೂತ್ಕಳ್ರಿ, ಉಡಿ ತುಂಬ್ತೀನಿ.”

ಯಾರಾದರೂ ಬೇಡ ಎನ್ನುತ್ತಾರೆಯೇ? ಕೂತು ಸೆರಗು ಒಡ್ಡಿದೆ. ಅಕ್ಕಿ, ಎಲೆ ಅಡಿಕೆ, ತೆಂಗಿನಕಾಯಿ, ಒಂದು ಹಸಿರು ಜಂಪರ್ ಪೀಸು. ಕುಂಕುಮ ಹಚ್ಚಿಸಿಕೊಂಡು, ದೇವರಿಗೆ ಕೈಮುಗಿದು, ಎಲ್ಲವನ್ನೂ ಚೀಲಕ್ಕೆ ಇಳಿಸಿಕೊಂಡು ಬಸ್ಸು ಹತ್ತಿದೆ. ಮನಸ್ಸು ಖುಷಿಯಾಗಿಯೇ ಇತ್ತು.

ಅಲ್ಲಿಂದ ನೇರ ವಿದ್ಯಾರ್ಥಿನಿಲಯಕ್ಕೆ ಹೋದೆ. ಅಕ್ಕನನ್ನು ಪರಿಚಯ ಮಾಡಿಕೊಂಡು, ಓದಿ ಹೇಳುವ ದಿನ ಗೊತ್ತುಮಾಡಿಕೊಂಡು ಬರಬೇಕಿತ್ತು. ಮಧ್ಯಾಹ್ನದ ಊಟ ಮುಗಿದು ಆಕೆ ಹಂಡೆಗಳನ್ನು ಬೋರಲು ಹಾಕುತ್ತಿದ್ದರು. ಕೈ ಒರೆಸಿಕೊಂಡು ಬಂದು ಮಣೆ ಕೊಟ್ಟರು. ಸಹಿ ಮಾಡಲು ಬರುತ್ತದೆ, ಉದ್ದ ಓದಲು ಆಗುವುದಿಲ್ಲ ಎಂದರು. ಮಾತು ಸಲೀಸಾಗಿ ನಡೆದಿತ್ತು. ಕರಡು ಪ್ರತಿ ತೋರಿಸೋಣವೆಂದು ಚೀಲಕ್ಕೆ ಕೈಹಾಕಿದೆ. ತೆಂಗಿನಕಾಯಿ ಅಡ್ಡ ಬಂತು. ಅದನ್ನು ತೆಗೆದು ಕಟ್ಟೆಯ ಮೇಲಿಟ್ಟೆ.

ಅಕ್ಕ ಕಾಯಿಯ ಮೇಲಿನ ಕುಂಕುಮ ನೋಡಿದರು.

“ಊರಿಗೆ ಹೋಗಿದ್ರೇನು?”

“ಹೂಂ ಅಕ್ಕಾ. ಅಳತೆ ನೋಡಕೆ.”

“ಉಡಿ ತುಂಬಿದ್ಲಾ?”

“ತುಂಬಿದ್ರು.”

ಆಕೆ ಕಾಯಿಯನ್ನು ಎತ್ತಿ ತಿರುಗಿಸಿ ನೋಡಿ ಮತ್ತೆ ಅಲ್ಲೇ ಇಟ್ಟರು. “ನಮ್ಮ ಹಿತ್ತಲದ್ದೇ. ನಮ್ಮ ಮನೆಯವ್ರು ಹೋದ್ಮ್ಯಾಲೆ ಆ ಮನ್ಯಾಗೆ ನಂಗೆ ಯಾರೂ ಉಡಿ ತುಂಬಿಲ್ಲ” ಎಂದರು. ನಮ್ಮ ಕಡೆ ಗಂಡ ಸತ್ತವರಿಗೆ ಕೆಲವು ಮನೆಗಳಲ್ಲಿ ತುಂಬುತ್ತಾರೆ, ಕೆಲವು ಮನೆಗಳಲ್ಲಿ ಇಲ್ಲ. ನಾನು ಏನಾದರೂ ಹೇಳುವ ಮೊದಲೇ ಆಕೆ ಎದ್ದುಬಿಟ್ಟರು. “ಓದಾದೇನೂ ಬ್ಯಾಡ್ರಿ. ಎಲ್ಲಿ ಸೈನ್ ಮಾಡ್ಬೇಕು ಅಂತ ಹೇಳಿ ಕಳಿಸ್ರಿ. ಬಂದು ಮಾಡಿ ಹೋಗ್ತೀನಿ.”

ಮತ್ತೆ ಎಷ್ಟು ಮಾತಾಡಿಸಿದರೂ ‘ಆಯ್ತು ಬಿಡ್ರಿ’ ಎನ್ನುವುದರ ಹೊರತು ಬೇರೆ ಉತ್ತರ ಬರಲಿಲ್ಲ.

ದಾವಣಗೆರೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಕೋರ್ಸಿನ ಒಂದು ಪ್ರಶ್ನೆ ನೆನಪಾಯಿತು. ‘ಪ್ರಕರಣಕ್ಕೆ ಸಂಬಂಧಿಸಿದವರಿಂದ ಉಡುಗೊರೆ ಸ್ವೀಕರಿಸಬಹುದೇ?’ ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಆಗ ನನ್ನ ಕಣ್ಣ ಮುಂದಿದ್ದದ್ದು ಲಕೋಟೆ, ವಾಚು, ಸಿಹಿತಿಂಡಿಯ ಡಬ್ಬಿ. ಉಡಿಯನ್ನು ಯಾರು ಉಡುಗೊರೆ ಎಂದು ಲೆಕ್ಕ ಹಿಡಿಯುತ್ತಾರೆ? ಅದು ಮರ್ಯಾದೆ. ಆದರೆ ಅಕ್ಕನ ಮುಖ ನೋಡಿದ ಮೇಲೆ ನನ್ನ ಸಮಾಧಾನ ನನಗೇ ಒಪ್ಪಿಗೆಯಾಗಲಿಲ್ಲ.

ಅಂದು ಸಂಜೆಯ ತರಗತಿಯಲ್ಲಿ, ಊರು ಹೆಸರು ಹೇಳದೆ, ನಡೆದದ್ದನ್ನು ಮುಂದಿಟ್ಟೆ. ಕರಾವಳಿ ಕಡೆಯ ಒಬ್ಬರು ‘ಉಡಿ ಎಂದರೇನು’ ಎಂದು ಕೇಳಿದರು. ಅಷ್ಟೇ, ಪರದೆಯ ಪಕ್ಕದಲ್ಲಿ ಸಂದೇಶಗಳ ಮಳೆ. ಮಡಿಲಕ್ಕಿ ಎಂದು ಒಬ್ಬರು, ಅದು ಬೇರೆ ಇದು ಬೇರೆ ಎಂದು ಇನ್ನೊಬ್ಬರು, ಅದರಲ್ಲಿ ಐದು ಸಾಮಾನೋ ಏಳೋ ಎಂದು ಮತ್ತೊಬ್ಬರು. ಹತ್ತಿಪ್ಪತ್ತು ಹೆಂಗಸರು ಸೇರಿದ ಮೇಲೆ ಕಾನೂನಿನ ಪಾಠ ಎಲ್ಲಿ ನಿಲ್ಲುತ್ತದೆ! ಬೋಧಕಿ ಎಲ್ಲರ ಮೈಕ್ ಬಂದ್ ಮಾಡಿ ನನ್ನೊಬ್ಬಳದನ್ನು ತೆರೆದರು.

“ಆ ಹೆಂಗಸಿಗೆ ನೀವೀಗ ಯಾರ ಕಡೆಯವರಾಗಿ ಕಾಣ್ತೀರಿ?”

“ತಮ್ಮನ ಕಡೆಯವಳಾಗಿ.”

“ಹಾಗಾದರೆ ಅದು ಉಡುಗೊರೆಯೇ. ಕೊಟ್ಟವರ ಮನಸ್ಸಲ್ಲಿ ಏನಿತ್ತು, ನಿಮ್ಮ ಮನಸ್ಸಲ್ಲಿ ಏನಿತ್ತು ಅನ್ನೋದು ಆಮೇಲೆ. ಮುಚ್ಚಿಡಬೇಡಿ. ನಿಮ್ಮ ವಕೀಲರಿಗೂ ಹೇಳಿ, ಆಕೆಗೂ ಹೇಳಿ. ಆಕೆ ನಿಮ್ಮನ್ನು ಬೇಡ ಅಂದರೆ ಕಡತ ಬಿಟ್ಟುಬಿಡಿ.”

ಕಡತ ಬಿಟ್ಟರೆ ವರದಿ ಇಲ್ಲ, ವರದಿ ಇಲ್ಲದಿದ್ದರೆ ಈ ಸಲ ಪ್ರಮಾಣಪತ್ರವೂ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಕ್ಕ ಹೇಗೂ ಸಹಿ ಹಾಕುತ್ತಾರೆ, ಎಲ್ಲ ಸುಸೂತ್ರ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಓದಿ ಹೇಳುವ ಕೆಲಸಕ್ಕೆ ಹೋದವಳು ಓದದೆ ಸಹಿ ಹಾಕಿಸಿದರೆ ನಾನು ಓದುತ್ತಿರುವ ಓದಿಗೆ ಅರ್ಥವೇನು? ಹೇಳಿಯೇಬಿಡುವುದೆಂದು ನಿರ್ಧರಿಸಿದೆ.

ಮರುದಿನ ಕಚೇರಿಯಲ್ಲಿ ಹೇಳಿದಾಗ ವಕೀಲರು ಮೊದಲು ನಕ್ಕರು. “ಒಂದು ತೆಂಗಿನಕಾಯಿಗೆ ಯಾರೂ ಕೋರ್ಟ್ ಹತ್ತಲ್ಲಮ್ಮ.”

“ವಾಪಸ್ ಕೊಟ್ಟು ಬರ್ಲಾ ಸರ್?”

“ಏ, ತುಂಬಿದ ಉಡಿ ವಾಪಸ್ ಕೊಡ್ತಾರೇನು? ಆ ಹೆಣ್ಮಗಳು ಹೆದರಿಕಂಡು ಜ್ವರ ಬಂದು ಮಲಗ್ತಾಳೆ.” ಪೆನ್ನು ಕೆಳಗಿಟ್ಟು ಕಡತ ತೆರೆದರು. ಬಂದಿರುವ ಕಕ್ಷಿದಾರ ತಮ್ಮ. ಅವನ ಕೆಲಸ ತಡವಾದರೆ ಇವರಿಗೂ ಕಿರಿಕಿರಿ. ಕೊನೆಗೆ ಹೇಳಿದರು: “ಹೋಗಿ ಹೇಳು. ಬೇರೆ ವಕೀಲರ ಹತ್ರ ಓದಿಸಬೋದು ಅಂತಾನೂ ಹೇಳು. ಅಳುಕಿನಾಗೆ ಮಾಡಿದ ಸಹಿ ನಂಗೂ ಬ್ಯಾಡ.”

ವಿದ್ಯಾರ್ಥಿನಿಲಯಕ್ಕೆ ಮತ್ತೆ ಹೋದಾಗ ಅಕ್ಕ ಮೆಂತ್ಯಸೊಪ್ಪು ಸೋಸುತ್ತಿದ್ದರು. ನಾನೂ ಎದುರು ಕೂತು ಒಂದು ಕಟ್ಟು ಬಿಚ್ಚಿಕೊಂಡೆ. ಕೈಗೆ ಕೆಲಸವಿದ್ದರೆ ಬಾಯಿಗೆ ಧೈರ್ಯ ಬರುತ್ತದೆ.

“ಅಕ್ಕಾ, ನಿಮ್ಮ ತಮ್ಮ ನಮ್ಮ ವಕೀಲರ ಕಕ್ಷಿದಾರರು. ನಿಮಗೆ ಪತ್ರ ಓದಿ ಹೇಳಾಕೆ ಬರೋಳು ನಾನು. ಅವ್ರ ಮನ್ಯಾಗೆ ಉಡಿ ತುಂಬಿಸ್ಕಂಡು ಬಂದಿದ್ದು ತಪ್ಪಾತು.”

“ಉಡಿ ತುಂಬಿಸ್ಕಳಾದು ತಪ್ಪು ಅಂತ ಯಾವ ಶಾಸ್ತ್ರದಾಗೈತೆ?”

“ನಮ್ಮ ಕೋರ್ಸಿನಾಗೈತೆ.”

ಅಕ್ಕ ನಕ್ಕುಬಿಟ್ಟರು. ನಾನು ಉಳಿದದ್ದನ್ನೂ ಹೇಳಿದೆ. ಕೋರ್ಟಿನಲ್ಲಿ ಕಾನೂನು ನೆರವಿನ ಕಚೇರಿ ಇದೆ, ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಪತ್ರವನ್ನು ಅವರಿಂದಲೇ ಓದಿಸಬಹುದು, ನನ್ನನ್ನು ಬೇಡ ಎಂದರೆ ನನಗೆ ಬೇಸರವಿಲ್ಲ ಎಂದೆ. ಕೊನೆಯದು ಪೂರ್ತಿ ನಿಜವಲ್ಲ.

ಅಕ್ಕ ಕೈಯಲ್ಲಿದ್ದ ಕಟ್ಟು ಸೋಸಿ ಮುಗಿಸಿದರು. “ಬೇರೆ ವಕೀಲ್ರು ಅಂದ್ರೆ ತಮ್ಮನ ಮ್ಯಾಲೆ ಕೇಸ್ ಹಾಕಿದ್ಲು ಅಂತ ಊರಾಗೆ ಸುದ್ದಿ ಆಗ್ತೈತೆ. ಬ್ಯಾಡ. ನೀವೇ ಓದ್ರಿ. ಎದ್ರಿಗೆ ಬಂದು ಹೇಳಿದ್ರಲ್ಲ, ಸಾಕು. ಆದ್ರೆ ನಿಧಾನಕ್ಕೆ ಓದ್ರಿ” ಎಂದರು. ಆಕೆ ಹಾಗೆ ಹೇಳಿದರೆಂದು ದಿನಾಂಕ ಹಾಕಿ ಬರೆದು ಕಡತಕ್ಕೆ ಸೇರಿಸಿದೆ.

ಓದುವ ದಿನ ಅಕ್ಕ ತಮ್ಮ ಇಬ್ಬರೂ ಬಂದರು. ತಮ್ಮನನ್ನು ವಕೀಲರು ಚಹಾ ಕುಡಿದು ಬಾ ಎಂದು ಹೊರಗೆ ಕಳಿಸಿ, ತಾವು ಒಳಗಿನ ಕೋಣೆಗೆ ಹೋದರು. ಕೋರ್ಸಿನಲ್ಲಿ ಕಲಿಸಿದ ಕ್ರಮ ಹೀಗೆ: ಒಂದು ಪ್ಯಾರಾ ಓದಬೇಕು, ಕಾಗದ ಮುಚ್ಚಬೇಕು, ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ತಪ್ಪಿದರೆ ಮತ್ತೆ ಓದಬೇಕು.

ಗದ್ದೆಯ ಪ್ಯಾರಾ ಓದಿ ಕಾಗದ ಮುಚ್ಚಿದೆ.

“ಗದ್ದ್ಯಾಗೆ ನಂಗೇನಿಲ್ಲ” ಎಂದರು ಅಕ್ಕ.

ಮನೆಯ ಪ್ಯಾರಾ ಓದಿದೆ.

“ಮನ್ಯಾಗೂ ನಂಗೇನಿಲ್ಲ.”

ಎರಡೂ ಸರಿಯಾಗಿದ್ದವು. ತಿದ್ದಲು ಏನೂ ಇರಲಿಲ್ಲ. ಪತ್ರದ ಒಂದು ಪುಟ ಆಕೆಯ ಬಾಯಲ್ಲಿ ಎರಡೇ ಮಾತಾಗಿತ್ತು. ನೀರು ಕುಡಿದು ಮುಂದಿನದನ್ನು ಓದಿದೆ: ‘ಈ ಪತ್ರವನ್ನು ನಾನು ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ.’

“ಒತ್ತಾಯ ಇಲ್ಲ, ಖರೆ” ಎಂದರು ಅಕ್ಕ. “ಅವ್ನು ಕೇಳ್ದ, ನಾ ಹೂಂ ಅಂದೆ. ಆದ್ರೆ ಆ ಸಂತೋಷ ಅನ್ನಾದು ತೆಗೀರಿ. ಉಳಿದಿದ್ದು ಇರ್ಲಿ.”

ಇಂಥ ಪತ್ರಗಳಲ್ಲೆಲ್ಲ ಇರುವ ಸಾಲು ಅದು. ಟೈಪು ಮಾಡುವವರು ನೋಡದೆ ಹೊಡೆಯುತ್ತಾರೆ, ಓದುವವರು ಹಾರಿಸುತ್ತಾರೆ. ಅದನ್ನು ತೆಗೆಯಲು ನನಗೆ ಅಧಿಕಾರವಿರಲಿಲ್ಲ. ಒಪ್ಪಿಗೆಯ ಸಾಲು ಇಲ್ಲದೆ ಪತ್ರ ನಿಲ್ಲುವುದಿಲ್ಲ ಎಂದು ಹೇಳಿದೆ.

“ಹಂಗಾದ್ರೆ ಸುಳ್ಳು ಬರೀಬೇಕಾ?” ಎಂದು ಕೇಳಿದರು. “ನೀವಾಗಿದ್ರೆ ಏನ್ ಮಾಡ್ತಿದ್ರಿ?” ಎಂದರು.

ನಾನಾಗಿದ್ದರೆ ಸಹಿ ಹಾಕುತ್ತಿರಲಿಲ್ಲ. ಅದು ನಾಲಿಗೆಯ ತುದಿಗೇ ಬಂದಿತ್ತು. ಆದರೆ ನನಗೆ ವಿನೋಬನಗರದಲ್ಲಿ ಮನೆ ಇದೆ, ಗಂಡ ಇದ್ದಾನೆ, ನನ್ನ ತವರಿನವರು ಮುನಿಸಿಕೊಂಡರೂ ನಾನು ಬೀದಿಗೆ ಬೀಳುವುದಿಲ್ಲ. ನನ್ನ ಉತ್ತರವನ್ನು ಆಕೆಯ ಕೈಗೆ ಕೊಟ್ಟು ನಾನು ಸಂಜೆಯ ಬಸ್ಸಿಗೆ ಹೋಗಿಬಿಡಬಹುದು, ಆಕೆ ಅದರ ಜೊತೆ ಬದುಕಬೇಕು. ಏನು ಮಾಡಬೇಕು ಎಂದು ಹೇಳಬೇಡ ಎಂಬ ನಿಯಮ ಯಾಕಿದೆ ಎಂದು ಅಂದು ತಿಳಿಯಿತು.

“ನಾನು ಹೇಳಂಗಿಲ್ಲ ಅಕ್ಕಾ. ಆದ್ರೆ ಒಂದು ಕೇಳ್ತೀನಿ. ಏನಿದ್ರೆ ನಿಮಗೆ ಸಂತೋಷ?”

ಕೇಳಿದ ಮೇಲೆ ಸುಮ್ಮನಿರಬೇಕು ಎಂಬುದೂ ಪಾಠದಲ್ಲಿತ್ತು. ನನ್ನಂಥ ಬಾಯಿಬಡುಕಿಗೆ ಅದು ಬಲು ಕಷ್ಟದ ಪಾಠ. ಹೊರಗೆ ಯಾರೋ ಜೆರಾಕ್ಸ್ ಮಾಡಿಸುತ್ತಿದ್ದರು. ಯಂತ್ರ ನಿಂತ ಮೇಲೆ ಅಕ್ಕ ಮಾತಾಡಿದರು.

“ಗದ್ದೆ ಬ್ಯಾಡ. ನಾನೇನ್ ಉಳ್ತೀನಾ? ಬೀದಿ ಕಡಿಗೆ ಒಂದು ಕೋಣೆ ಐತೆ. ಅದಿದ್ರೆ ಸಾಕು. ಅದಕ್ಕೊಂದು ಬೇರೆ ಬಾಗ್ಲು. ಕೈಲಾಗದಂಗಾದ್ಮ್ಯಾಲೆ ಹೋಗಿ ಇರಾಕೆ. ಒಳಗೆ ಹೋಗಾಕೆ ಯಾರ್ನೂ ಕೇಳಂಗಿರಬಾರ್ದು.”

ಅದನ್ನೇ ಹಾಗೆಯೇ ಬರೆದು ಓದಿ ತೋರಿಸಿ ವಕೀಲರಿಗೆ ಕೊಟ್ಟೆ. ಅವರು ತಮ್ಮನನ್ನು ಒಳಗೆ ಕರೆದು ಹೇಳಿದರು. ಅವನ ಮುಖ ಕೆಂಪಾಯಿತು.

“ಅಲ್ಲಕ್ಕಾ, ಮನಿ ನಿಂದೇ ಅಲ್ಲೇನು? ಯಾವಾಗ ಬೇಕಾದ್ರೂ ಬಾ. ಯಾರ್ ಬ್ಯಾಡ ಅಂತಾರೆ?”

“ನಂದೇ ಅಂದ್ರೆ ಬರ್ಸು” ಎಂದರು ಅಕ್ಕ. ದನಿ ಏರಿಸಲಿಲ್ಲ.

ತಮ್ಮ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. ನಮ್ಮ ಮನೆಯ ಉಡಿ ತುಂಬಿಸಿಕೊಂಡು ಹೋದವಳು ನೀನೇ ಅಲ್ಲವೇ ಎಂದು ಆ ನೋಟ ಕೇಳಿದಂತಾಯಿತು. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅಕ್ಕ ಸಂಜೆಯ ಅಡುಗೆಗೆ ಹೊತ್ತಾಯಿತು ಎಂದು ವಿದ್ಯಾರ್ಥಿನಿಲಯಕ್ಕೆ ನಡೆದರು.

ಆಮೇಲೆ ಕೆಲವು ವಾರ ಏನೂ ಇಲ್ಲ. ಕಡತ ಕಪಾಟಿನಲ್ಲಿ ಕೂತಿತು. ಗುಮಾಸ್ತರು ನನ್ನನ್ನು ನೋಡಿದಾಗಲೆಲ್ಲ “ಏನ್ ಮೇಡಂ, ಸಂತೋಷನಾ?” ಎಂದು ಚುಡಾಯಿಸುತ್ತಿದ್ದರು. ಇದ್ದೊಬ್ಬ ತಮ್ಮನನ್ನೂ ಆಕೆಯಿಂದ ದೂರ ಮಾಡಿದೆನೇನೋ ಎಂಬ ಹೆದರಿಕೆ ನನಗೆ. ಕಾರ್ಖಾನೆಯಲ್ಲಿ ಎರಡು ಬಿಲ್ಲುಗಳಿಗೆ ಲಾರಿ ನಂಬರು ಅದಲುಬದಲು ಬರೆದು ಬೈಸಿಕೊಂಡೆ. ಅಕ್ಕನಿಗೆ ಫೋನು ಮಾಡಬೇಕೆನಿಸಿದರೂ ಮಾಡಲಿಲ್ಲ. ಆಕೆ ಕರೆಯದೆ ನಾನು ಕರೆದರೆ ಅದೂ ಒಂದು ಒತ್ತಾಯವೇ.

ಒಂದು ಶನಿವಾರ ತಮ್ಮ ಬಂದ. ಕೂರು ಎಂದರೂ ಕೂರದೆ, ಸುತ್ತಿ ತಂದಿದ್ದ ನಕ್ಷೆಯನ್ನು ವಕೀಲರ ಮೇಜಿನ ಮೇಲೆ ಬಿಡಿಸಿದ. ಹೊಸ ಮನೆಯ ನಕ್ಷೆ. ಬೈಕಿನ ಜಾಗ ಹೊಡೆದುಹಾಕಿ ಬೀದಿ ಕಡೆ ಒಂದು ಕೋಣೆ ಬರೆಸಿದ್ದ. ಅದಕ್ಕೆ ಬೇರೆ ಬಾಗಿಲು, ಹಿಂದೆ ಬಚ್ಚಲು.

“ಬಚ್ಚಲು ಅಕ್ಕ ಕೇಳಿದ್ದಿಲ್ಲ. ನಮ್ಮನೆಯಾಕಿ ಹಾಕ್ಸು ಅಂದ್ಲು” ಎಂದ. ಮತ್ತೆ ನನ್ನ ಕಡೆ ತಿರುಗಿ, “ಮೊದ್ಲೇ ಹೇಳಿದ್ರೆ ನಾ ಇಲ್ಲ ಅಂತಿದ್ನೇನ್ರಿ?” ಎಂದ.

“ಮೊದ್ಲೇ ಕೇಳಿದ್ರೆ ಹೇಳ್ತಿದ್ರೇನೋ” ಎಂದೆ. ಪ್ಯಾರಾಲೀಗಲ್ ಆಡಬಾರದ ಮಾತು. ವಕೀಲರು ಕೇಳಿಸಿದರೂ ಕೇಳಿಸದವರಂತೆ ನಕ್ಷೆ ನೋಡುತ್ತಿದ್ದರು.

ಬಿಡುಗಡೆ ಪತ್ರ ಹೋಗಿ ವಿಭಾಗ ಪತ್ರ ತಯಾರಾಯಿತು. ಬೀದಿ ಕಡೆಯ ಜಾಗ ಅಕ್ಕನ ಪಾಲಿಗೆ, ಉಳಿದ ಮನೆ ಜಾಗ ಮತ್ತು ಗದ್ದೆ ತಮ್ಮನಿಗೆ. ಆಕೆಗೆ ಬಂದದ್ದು ಬಹಳ ಕಡಿಮೆ ಎಂದು ನನಗೆ ಈಗಲೂ ಅನಿಸುತ್ತದೆ. ಕಾನೂನಿನಲ್ಲಿ ಆಕೆಗೆ ಗದ್ದೆಯಲ್ಲೂ ಅಷ್ಟೇ ಹಕ್ಕಿದೆ ಎಂದು ವಕೀಲರ ಎದುರಿಗೇ ಓದಿ, ಬಿಡಿಸಿ ಹೇಳಿದೆ. “ಗೊತ್ತಾತು. ಬ್ಯಾಡ” ಎಂದರು ಅಕ್ಕ. ಪಂಚಾಯಿತಿಯ ದಾಖಲೆಗೆ ಓಡಾಡಿ, ಅಳತೆಗೆ ಮತ್ತೊಮ್ಮೆ ಊರಿಗೆ ಹೋದೆ. ತಮ್ಮನ ಹೆಂಡತಿ ಮೊರದತ್ತ ಕೈ ಚಾಚಿದಾಗ, ಕಾಗದ ಮುಗಿಯುವವರೆಗೆ ನೀರು ಮಾತ್ರ ಎಂದೆ. ಆಕೆಗೆ ಬೇಸರವಾಯಿತು, ನನಗೂ ಆಯಿತು.

ನೋಂದಣಿಯ ದಿನ ಕಚೇರಿಯಲ್ಲಿ ಸರ್ವರ್ ಕೈಕೊಟ್ಟಿತ್ತು. ಜನ ಮೆಟ್ಟಿಲವರೆಗೆ ನಿಂತಿದ್ದರು. ಅಕ್ಕ ತಮ್ಮ ಒಂದೇ ಬೆಂಚಿನಲ್ಲಿ ಕೂತು ಪೊಟ್ಟಣದ ಮಂಡಕ್ಕಿ ತಿನ್ನುತ್ತಿದ್ದರು. ಮಧ್ಯಾಹ್ನ ಅವರ ಹೆಸರು ಕೂಗಿದರು. ಅಕ್ಕ ಸೆರಗು ಕೊಡವಿಕೊಂಡು ಎದ್ದರು. ನಾನು ಕಡತ ಹಿಡಿದು ಹಿಂದೆ ನಿಂತೆ.

ಅಧಿಕಾರಿ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, ದಿನವೂ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ಕೇಳಿದರು.

“ಪತ್ರ ಓದಿ ಹೇಳಿದಾರೇನಮ್ಮ?”

“ಹೇಳಿದಾರ್ರಿ” ಎಂದರು ಅಕ್ಕ. “ನಾ ಹೇಳಿದ್ದೂ ಅದ್ರಾಗೈತೆ.”

ಅಧಿಕಾರಿ ತಲೆಯೆತ್ತಿ ಆಕೆಯನ್ನು ಒಮ್ಮೆ ನೋಡಿ, ಹೆಬ್ಬೆರಳಿನ ಗುರುತು ತೆಗೆಯುವ ಯಂತ್ರವನ್ನು ಆಕೆಯ ಕಡೆಗೆ ತಿರುಗಿಸಿದರು.